ಸೊಂಟನೋವಿನ ವಿಡಿಯೊ

ಅತ್ತೆ ಮಾವ ಮನೆ ಬದಲಿಸಿದ ದಿನ ಅಳಿಯ ಸೊಂಟ ಹಿಡಿದಿದೆಯೆಂದು ಮಂಚ ಬಿಟ್ಟು ಏಳಲಿಲ್ಲ. ಅದೇ ಸಂಜೆ, ಮುಲಾಮು ಕೊಟ್ಟುಹೋಗಲು ಬಂದ ನಾದಿನಿ, ಗೆಳೆಯರ ನಡುವೆ ತಾರಸಿಯ ಮೇಲೆ ಅವನು ಕುಣಿಯುತ್ತಿದ್ದುದನ್ನು ಫೋನಿನಲ್ಲಿ ಸೆರೆಹಿಡಿದಳು.

"ಅಕ್ಕಂಗೆ ಹೇಳಲ್ಲ ಭಾವ. ಆದ್ರೆ ಇದು ನನ್ನ ಹತ್ರಾನೇ ಇರ್ಲಿ."

ಅಂದಿನಿಂದ ಅವಳು ಕರೆದಾಗಲೆಲ್ಲ ಕಾರು ತರುವ ಪುಕ್ಕಟೆ ಸಾರಥಿ ಅವನೇ. ಗೊಣಗಿದರೆ ಒಂದೇ ಪ್ರಶ್ನೆ: "ಸೊಂಟ ಹೇಗಿದೆ ಭಾವ?"

ಒಂದು ಭಾನುವಾರ ಅವಳೇ ಬಂದು, ಬೀಗ ತೆರೆದ ಫೋನನ್ನು ಅವನ ಮೇಜಿನ ಮೇಲಿಟ್ಟಳು. "ಜಾಗ ಇಲ್ಲ ಅಂತಿದೆ. ಫೋಟೊಗಳನ್ನೆಲ್ಲ ನಿಮ್ಮ ಕಂಪ್ಯೂಟರಿಗೆ ಹಾಕ್ಕೊಡಿ." ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಫೋನಿಗೆ ಆ್ಯಪ್ ಬರೆಯುವುದೇ ಅವನ ಕಸುಬು. ಕೈಯಿಂದ ಅಳಿಸಿದ್ದು ಫೋನಿನ ಕಸದಬುಟ್ಟಿಯಲ್ಲಿ ಉಳಿಯುತ್ತದೆ. ಆ್ಯಪ್ ಪರೀಕ್ಷಿಸಲೆಂದು ಇರುವ ಡೀಬಗ್ಗಿಂಗ್ ದಾರಿಯಲ್ಲಿ ಕಂಪ್ಯೂಟರಿನಿಂದ ಅಳಿಸುವ ಆಜ್ಞೆ ಕೊಟ್ಟರೆ ಬೂದಿಯೂ ಸಿಗದು. ಅದೊಂದೇ ವಿಡಿಯೊ ಹೋದರೆ ಅನುಮಾನ, ಎಲ್ಲವೂ ಹೋದರೆ ಗ್ರಹಚಾರ. ಅಪರಾಧವೆಂದರೆ ಹೀಗಿರಬೇಕು: ಕಳೆದುಕೊಂಡವಳೇ ಕಳ್ಳನಿಗೆ ಸಮಾಧಾನ ಹೇಳಬೇಕು.

ಆದರೆ ಕಂಪ್ಯೂಟರಿಗೆ ಫೋನೇ ಕಾಣಲಿಲ್ಲ. ಡೀಬಗ್ಗಿಂಗ್ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದ. ಪೋರ್ಟ್ ಬದಲಿಸಿದ. ಫೋನ್ ಗುರುತಿಸುವ ಡ್ರೈವರ್ ತಂತ್ರಾಂಶವನ್ನು ಕಿತ್ತು ಹೊಸದು ಹಾಕಿದ. ಪರದೆಯಲ್ಲಿ ಫೋನುಗಳ ಪಟ್ಟಿ ಖಾಲಿ. ಕಡೆಗೆ ತಲೆಗೆ ಹೊಳೆಯಿತು: ಈ ಕೇಬಲ್ ಬರೀ ಚಾರ್ಜಿಗೆ! ಮಲಗುವ ಕೋಣೆಯ ಕಪಾಟು ತಡಕಾಡಿ ಬೇರೊಂದನ್ನು ತಂದು ಸಿಕ್ಕಿಸಿದ. ಪಟ್ಟಿಯಲ್ಲಿ ಫೋನಿನ ಗುರುತಿನ ಉದ್ದನೆಯದೊಂದು ಸಂಖ್ಯೆ ಮೂಡಿತು. ಈ ಕಂಪ್ಯೂಟರನ್ನು ನಂಬಲೇ ಎಂದು ಮೊದಲ ಸಲ ಸಿಕ್ಕಿಸಿದ ಫೋನು ಕೇಳಬೇಕಿತ್ತು, ಅದನ್ನೂ ಕೇಳಲಿಲ್ಲ. ಶುಭಶಕುನವೆಂದುಕೊಂಡು ಆಜ್ಞೆ ಒತ್ತಿದ.

ಮುಖ ಜೋಲು ಹಾಕಿಕೊಂಡು, ಅವಳ ಫೋನ್ ಹಿಡಿದು, ಅಕ್ಕ ತಂಗಿ ಇದ್ದ ಅಡುಗೆಮನೆಗೆ ಹೋದ. "ಏನು ಹೇಳ್ಲಮ್ಮಾ, ಕಾಪಿ ಮಾಡೋವಾಗ ಎಲ್ಲಾ ಹೋಯ್ತು. ಒಂದೂ ಉಳೀಲಿಲ್ಲ."

ನಾದಿನಿ ಫೋನ್ ಕಸಿದುಕೊಂಡು ಬೆರಳಾಡಿಸಿದಳು. "ಎಲ್ಲಾ ಇದ್ಯಲ್ಲ ಭಾವ!" ಗಾಬರಿಯಲ್ಲಿ ಬೆರಳಿಗೆ ಸಿಕ್ಕಿದ್ದನ್ನೇ ಒತ್ತಿದಳು. ಹಾಡು ಮೊಳಗಿತು, ಅಳಿಯ ತಾರಸಿಯ ಮೇಲೆ ಜಿಗಿಯತೊಡಗಿದ. ಹೆಂಡತಿ ಸೌಟು ಹಿಡಿದೇ ಬಗ್ಗಿ ನೋಡಿದಳು. ತಾರೀಖು ಓದಿದಳು. ಗಂಡನ ಸೊಂಟವನ್ನೊಮ್ಮೆ ದಿಟ್ಟಿಸಿದಳು.

"ಹಾಗಾದ್ರೆ ಅಳಿಸಿಹೋಗಿದ್ದು ಯಾರದು?" ಅವನ ಬಾಯಿಂದ ತಾನಾಗಿ ಬಂತು. ಹೆಂಡತಿ ಕಣ್ಣು ಕದಲಿಸದೆ ಹೇಳಿದಳು: "ಕಪಾಟಿನಲ್ಲಿರೋ ಕೇಬಲ್ಲೂ ಬರೀ ಚಾರ್ಜಿಂದೇ. ನೀವು ಅದನ್ನ ಹುಡುಕೋಕೆ ಹೋಗಿದ್ರಲ್ಲ, ಆಗ ನಿಮ್ಮ ಫೋನ್ ಬ್ಯಾಟರಿ ಮುಗೀತಾ ಬಂದಿತ್ತು. ಕಂಪ್ಯೂಟರಿನ ಹಿಂದೇನೇ ಚಾರ್ಜಿಗೆ ಸಿಕ್ಕಿಸಿದೆ."