ನಾಲ್ಕನೇ ಬರೆ

೨೦೨೫ರ ಡಿಸೆಂಬರ್ ೧೯, ಶುಕ್ರವಾರ. ಬೆಳಿಗ್ಗೆ ೧೧ ಗಂಟೆ ೧೦ ನಿಮಿಷಕ್ಕೆ ಮಕ್ಕಳ ವೈದ್ಯೆ ಡಾ. ಸಮತಾ ಅವರು ಹಿರೇಕೆರೂರಿನ ಪೊಲೀಸ್ ಠಾಣೆಗೆ ಬಂದರು. ಪಿಎಸ್‌ಐ ನುಜಹತ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏಳು ತಿಂಗಳ ಹೆಣ್ಣುಕೂಸು, ಮೇಡಂ. ಅರ್ಧ ತಾಸಿನ ಹಿಂದ ನನ್ನ ಕ್ಲಿನಿಕ್ಕಿನಾಗಿತ್ತು. ಈಗಿಲ್ಲ."

"ಯಾರರ ಕದ್ದರೇನು?"

"ಮನಿಯವರ ಎತ್ತಿಕೊಂಡು ಹೋಗ್ಯಾರ್ರಿ. ಅದಕ್ಕ ಹೆದರೀನಿ."

ಅವರು ಹೇಳಿದ್ದನ್ನು ಮಹಿಳಾ ಕಾನ್‌ಸ್ಟೆಬಲ್ ಹೇಮಾ ಬರೆದುಕೊಂಡಳು. ಬುಧವಾರ ಚಿಕ್ಕೇರೂರಿನ ಭಾಗ್ಯಶ್ರೀ ಎಂಬಾಕೆ ಅತ್ತೆ ಶಾರವ್ವನ ಜೊತೆ ಮಗಳು ಹೊಳೆವ್ವಳನ್ನು ಕ್ಲಿನಿಕ್ಕಿಗೆ ತಂದಿದ್ದಳು. ನಿದ್ದೆಯಿಂದ ಎದ್ದ ಕೂಡಲೇ ಕೂಸು ಬೆಚ್ಚಿಬೀಳುತ್ತದೆ ಎಂದಿದ್ದಳು. ವೈದ್ಯೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ವರದಿಗೆಂದು ಬಂದಾಗ ಅಂಗಿ ಎತ್ತಿ ನೋಡಿದರೆ ಹೊಕ್ಕಳಿನ ಸುತ್ತ ಮೂರು ಸುಟ್ಟ ಗಾಯಗಳು. ಬುಧವಾರ ಅವು ಇರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಫೋನ್ ಮಾಡಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ, ಸೊಸೆ, ಕೂಸು ಮೂವರೂ ಹೊರಟುಹೋಗಿದ್ದರು.

ಸಮತಾ ತಮ್ಮ ಮೊಬೈಲಿನಲ್ಲಿದ್ದ ಬುಧವಾರದ ವಿಡಿಯೋ ತೋರಿಸಿದರು. ಕೂಸಿನ ಎರಡೂ ಕೈ ಒಮ್ಮೆಲೇ ಮೇಲೆದ್ದವು, ತಲೆ ಎದೆಗೆ ಬಾಗಿತು, ಮೊಣಕಾಲು ಹೊಟ್ಟೆಗೆ ಬಂದವು. ಒಂದು ಕ್ಷಣದ ಬಿಡುವು. ಮತ್ತೆ ಹಾಗೆಯೇ. ನುಜಹತ ಎಣಿಸುತ್ತ ಹೋಗಿ ಹತ್ತೊಂಬತ್ತಕ್ಕೆ ಬಿಟ್ಟರು. ಪ್ರತಿ ಸಲವೂ ಯಾರನ್ನೋ ಕಂಡು ಹೆದರಿದಂತೆ ಕೂಸಿನ ಕಣ್ಣುಗಳು ಅಗಲವಾಗುತ್ತಿದ್ದವು.

"ಇದು ಬೆಚ್ಚೂದಲ್ರಿ, ಮೂರ್ಛೆರೋಗದ ಒಂದು ಬಗಿ," ಎಂದರು ಸಮತಾ. "ರಕ್ತದಾಗ ವಿಟಮಿನ್ ಬಿ-12 ಇಲ್ಲ ಅನ್ನೋವಷ್ಟು ಕಡಿಮಿ ಐತಿ. ಅದ ಕಾರಣ ಆಗಿದ್ರ ಇಂಜೆಕ್ಷನ್ನಿಗೆ, ಔಷಧಕ್ಕ ಕಡಿಮಿ ಆಗಬಹುದು. ಬ್ಯಾರೆ ಕಾರಣನೂ ಇರಬಹುದು, ಮಿದುಳಿನ ಪರೀಕ್ಷೆ ಆಗಬೇಕು. ಆದ್ರ ತಡ ಆದಂಗ ಕೂಸು ಕಲಿತದ್ದನ್ನ ಮರೀತೈತಿ. ಈಗಾಗಲೇ ನಗೂದು ಬಿಟ್ಟೈತಂತ."

೧೧.೪೦ಕ್ಕೆ ಎಫ್‌ಐಆರ್ ದಾಖಲಾಯಿತು. ಕಾಯಿಸಿದ ವಸ್ತುವಿನಿಂದ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ ೧೧೮(೧), ಮಗುವಿನ ಮೇಲಿನ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆಯ ಕಲಂ ೭೫. ಆರೋಪಿಯ ಹೆಸರಿನ ಜಾಗದಲ್ಲಿ 'ಗೊತ್ತಾಗಬೇಕಿದೆ' ಎಂದು ಬರೆದರು.

ಜೀಪು ೧೨.೧೫ಕ್ಕೆ ಚಿಕ್ಕೇರೂರು ಸೇರಿತು. ಮನೆಗೆ ಬೀಗ. ಪಕ್ಕದ ಕಟ್ಟೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಯಂಕವ್ವ ಪೊಲೀಸರನ್ನು ನೋಡಿ ಮೊರವನ್ನು ಪಕ್ಕಕ್ಕಿಟ್ಟಳು.

"ನಿನ್ನೆ ಕೂಸು ಅತ್ತದ್ದು ಕೇಳಿದ್ರೇನ್ರಿ?"

"ಕೇಳ್ದೆರಿ. ಮೂರ ಸಲ ಚೀರಿತು. ಆಮ್ಯಾಲೆ ಸುಮ್ಮನಾತು."

"ಬರಿ ಹಾಕಿದವರು ಯಾರು?"

"ನಾ ಒಳಗ ಹೋಗಿಲ್ರಿ. ಬಾಲಗ್ರಹ ಹಿಡದೈತಿ ಅಂತಿದ್ಲು ಶಾರವ್ವ." ಯಂಕವ್ವ ದನಿ ಇಳಿಸಿದಳು. "ಇನ್ನೊಂದ ಉಳದೈತಂತ್ರಿ. ಇವತ್ತ ಅಮಾಸಿ. ಹೊತ್ತ ಮುಳುಗೂದರಾಗ ನೆತ್ತಿಗೆ ಹಾಕಬೇಕಂತ."

ಹೇಮಾಳ ಪೆನ್ನು ನಿಂತಿತು. ಅವಳ ಮನೆಯಲ್ಲೂ ಒಂಬತ್ತು ತಿಂಗಳ ಮಗನಿದ್ದ. ಎಣ್ಣೆ ಹಚ್ಚುವಾಗ ನೆತ್ತಿಯ ಮೆದು ಜಾಗ ಬೆರಳಡಿ ಮಿಡಿಯುವುದನ್ನು ಅವಳು ದಿನವೂ ಮುಟ್ಟಿ ಬಲ್ಲಳು. "ಮೇಡಂ, ಅಲ್ಲಿ ಎಲಬು ಕೂಡಿರಂಗಿಲ್ರಿ," ಎಂದಳು.

ಕೂಸಿನ ತಂದೆ ಮಾಲತೇಶ ಮಾಸೂರಿನಲ್ಲಿ ಭತ್ತದ ಕೊಯ್ಲಿಗೆ ಹೋಗಿದ್ದ. ನುಜಹತ ಫೋನ್ ಹಚ್ಚಿದರು.

"ಹೆಂಡತಿ, ಕೂಸು ಎಲ್ಲದಾರ?"

"ಹುಬ್ಬಳ್ಳಿ ದವಾಖಾನಿಗೆ ಹೊಂಟೇವಂತ ಅವ್ವ ಹೇಳ್ಯಾಳ್ರಿ."

"ಕೂಸಿನ ಹೊಟ್ಟಿ ನೋಡೀಯೇನು?"

"ನಾ ಮೂರು ದಿನದಿಂದ ಇಲ್ಲೇ ಅದೇನ್ರಿ. ಏನಾಗೈತ್ರಿ ಹೊಟ್ಟಿಗೆ?"

"ನಿಮ್ಮವ್ವನ ತವರಮನಿ ಎಲ್ಲಿ?"

"ತಡಸ. ಆದ್ರ ಆ ಮನಿ ಬಿದ್ದೈತ್ರಿ. ಅಲ್ಲಿ ಯಾರೂ ಇಲ್ಲ. ಮೇಡಂ, ಏನಾಗೈತಿ ಹೇಳ್ರಿ."

ನುಜಹತ ಫೋನ್ ಇಟ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಂಥ ಕೂಸು ಬಂದಿರಲಿಲ್ಲ. ಭಾಗ್ಯಶ್ರೀಯ ಮೊಬೈಲ್ ನಂಬರನ್ನು ಹಾವೇರಿಯ ಎಸ್‌ಪಿ ಕಚೇರಿಗೆ ಕಳಿಸಿ, ಚಾಲಕ ಫಕ್ಕೀರೇಶನಿಗೆ ತಡಸಕ್ಕೆ ಹೋಗುವ ಹಾನಗಲ್ ದಾರಿ ಹಿಡಿಯಲು ಹೇಳಿದರು. ಹಾನಗಲ್ ದಾಟುವಾಗ ಉತ್ತರ ಬಂತು. ೧.೫೦ಕ್ಕೆ ಆ ಫೋನು ತಡಸದ ಟವರಿನಲ್ಲಿತ್ತು. ಆಮೇಲೆ ಸ್ವಿಚ್ ಆಫ್. ತಡಸ ಠಾಣೆಗೂ, ೧೦೮ ಆಂಬುಲೆನ್ಸಿಗೂ ತಿಳಿಸಲಾಯಿತು.

೩.೪೦ಕ್ಕೆ ತಡಸ. ಅಲ್ಲಿನ ಪೊಲೀಸರು ಬಸ್ ನಿಲ್ದಾಣದಲ್ಲಿ ಹುಡುಕಿದರೂ ಯಾರೂ ಸಿಕ್ಕಿರಲಿಲ್ಲ. ಶಾರವ್ವನ ತವರುಮನೆಯ ಗೋಡೆಗಳು ಮಾತ್ರ ನಿಂತಿದ್ದವು. ಒಳಗೆ ಜಾಲಿ ಬೆಳೆದಿತ್ತು. ಊರಲ್ಲಿ ಬರೆ ಹಾಕುವವರು ಯಾರೆಂದು ಕೇಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬಾತ ಹೂವಪ್ಪ ಎಂಬವನ ಮನೆ ತೋರಿಸಿದ. ಹೂವಪ್ಪನಿಗೆ ಎಪ್ಪತ್ತೈದು ದಾಟಿತ್ತು.

"ನಾ ಬಿಟ್ಟು ಎಂಟ ವರ್ಷಾತ್ರಿ ಸಾಹೇಬ್ರ."

"ಶಾರವ್ವ ಬಂದಿದ್ಲೋ ಇಲ್ಲೋ?"

"ಮಧ್ಯಾಹ್ನ ಬಂದಿದ್ಲು. ನೆತ್ತಿಗೆ ಹಾಕು ಅಂದ್ಲು. ಒಲ್ಲೆ ಅಂದೆ. ನೆತ್ತಿಗೆ ನಾ ಎಂದೂ ಹಾಕಿದಾಂವಲ್ಲ."

"ಮತ್ತ ಯಾರ ಕಡಿ ಹೋದ್ಲು?"

"ಯಾರ ಕಡಿನೂ ಇಲ್ರಿ. ಮೂರ ನಾನ ಹಾಕೇನಿ, ಇದನ್ನೂ ನಾನ ಹಾಕ್ತೇನಿ ಅಂದು ಹೋದ್ಲು." ಅವನು ಬಾಯಿ ಒರೆಸಿಕೊಂಡ. "ಅವರಣ್ಣನ ಹೊಲದಾಗ ಒಂದು ಕೊಟ್ಟಿಗಿ ಐತಿ. ಅಲ್ಲಿರಬೇಕು."

ನೀವು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಲು ಸಮಯವಿರಲಿಲ್ಲ. ಹೂವಪ್ಪನನ್ನು ಜೀಪಿಗೆ ಹತ್ತಿಸಿಕೊಂಡರು. ಗೋವಿನಜೋಳ ಮುರಿದ ಹೊಲದ ಅಂಚಿನಲ್ಲಿ ದಾರಿ ಮುಗಿಯಿತು. ಅಲ್ಲಿಂದ ನಡಿಗೆ. ಹೊತ್ತು ಆಗಲೇ ಕೆಳಗಿಳಿದಿತ್ತು. ಕೊಟ್ಟಿಗೆಯ ತಗಡಿನ ಸಂದಿಯಿಂದ ಸಗಣಿ ಕುಳ್ಳಿನ ಹೊಗೆ ಬರುತ್ತಿತ್ತು.

ಹೂವಪ್ಪನನ್ನು ಹಿಂದೆ ನಿಲ್ಲಿಸಿ ಮೂವರು ಪೊಲೀಸರೂ ಬಾಗಿಲಿಗೆ ಕಿವಿಗೊಟ್ಟರು. ಒಳಗಿನಿಂದ ಎಳೆಯ ದನಿಯೊಂದು ಅಳುತ್ತಿತ್ತು. ಅದು ಕೂಸಿನದಲ್ಲ, ಭಾಗ್ಯಶ್ರೀಯದು.

"ಅತ್ತಿ, ಬ್ಯಾಡ್ರಿ. ಇನ್ನೊಂದ ದಿನ ನೋಡೂಣ್ರಿ."

"ಕಾಲು ಗಟ್ಟ್ಯಾಗಿ ಹಿಡಿ. ಅಲಗಾಡಿದ್ರ ಕಣ್ಣಿಗೆ ಬೀಳತೈತಿ."

ಫಕ್ಕೀರೇಶ ಭುಜ ಕೊಟ್ಟು ತಳ್ಳಿದ. ಅಗಳಿ ಕಿತ್ತುಬಂತು. ಶಾರವ್ವ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಎಡಗೈಯಲ್ಲಿ ಕೂಸಿನ ತಲೆ, ಬಲಗೈಯಲ್ಲಿ ಕಬ್ಬಿಣದ ಸಳಿ. ಸಳಿಯ ತುದಿ ಕೆಂಪಗಿತ್ತು. ನೆತ್ತಿಗೂ ಅದಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ.

ನುಜಹತ ಕೂಗಲಿಲ್ಲ. ಮುದುಕಿ ಬೆಚ್ಚಿದರೆ ಸಳಿ ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಕಾಣುತ್ತಿತ್ತು.

"ಶಾರವ್ವಾ, ಸಳಿ ಈ ಕಡಿ ಕೊಡ್ರಿ."

ಅಷ್ಟರಲ್ಲಿ ಕೂಸಿನ ಕೈಗಳು ಮೇಲೆದ್ದವು. ತಲೆ ಬಾಗಿತು. ಬಿಟ್ಟಿತು. ಮತ್ತೆ ಬಾಗಿತು. ಶಾರವ್ವ ಹಿಂದಕ್ಕೆ ಸರಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಆ ಕೊಟ್ಟಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಅವಳೇ.

"ನೋಡ್ರಿ, ಗ್ರಹ ಬಂತು! ಜಗ್ಗಾಕತ್ತೈತಿ ನೋಡ್ರಿ ಕೂಸಿನ್ನ!"

ನುಜಹತ ಅವಳ ಮುಂಗೈ ಹಿಡಿದರು. ಹೇಮಾ ಕೂಸನ್ನು ಕಸಿದುಕೊಂಡು ಹೊರಗೆ ಓಡಿದಳು. ಸಳಿ ಒಣ ಮೇವಿನ ಸೊಪ್ಪೆಯ ಮೇಲೆ ಬಿದ್ದು ಹೊಗೆ ಎದ್ದಿತು. ಫಕ್ಕೀರೇಶ ಬೂಟಿನಿಂದ ತುಳಿದು ಆರಿಸಿದ.

೫.೨೫ಕ್ಕೆ, ಸೂರ್ಯಾಸ್ತಕ್ಕೆ ಮೊದಲು, ಶಾರವ್ವನ ಬಂಧನವನ್ನು ದಾಖಲಿಸಲಾಯಿತು. ಪಕ್ಕದ ಹೊಲದ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆದು, ಸಳಿಯನ್ನೂ ಕುಳ್ಳಿನ ಬೂದಿಯನ್ನೂ ಜಪ್ತು ಮಾಡಿದರು. ಭಾಗ್ಯಶ್ರೀ ಮತ್ತು ಕೂಸನ್ನು ಆಂಬುಲೆನ್ಸು ಹುಬ್ಬಳ್ಳಿಗೆ ಒಯ್ದಿತು.

ಮರುದಿನ ಬೆಳಿಗ್ಗೆ, ನ್ಯಾಯಾಲಯಕ್ಕೆ ಹಾಜರುಪಡಿಸುವ ಮೊದಲು, ನುಜಹತ ಶಾರವ್ವನ ಹೇಳಿಕೆ ಬರೆದುಕೊಂಡರು.

"ನೆತ್ತಿಗೆ ಹಾಕಬೇಕಂತ ಯಾರು ಹೇಳಿದ್ರು?"

"ಈಗ ಯಾರೂ ಹೇಳಿಲ್ರಿ. ಮಾಲತೇಶನಕಿಂತ ಮೊದಲ ನನಗ ಇನ್ನೊಬ್ಬ ಮಗ ಇದ್ದ, ಹೊಳಬಸಪ್ಪ. ಅವಂಗೂ ಏಳ ತಿಂಗಳಿಗೆ ಹಿಂಗ ಸುರುವಾತು. ಹೊಟ್ಟಿಗೆ ಮೂರು ಹಾಕಿದೆ. ನೆತ್ತಿಗೂ ಹಾಕು ಅಂದ್ರು. ಕೈ ಬರಲಿಲ್ರಿ." ಅವಳು ಸೆರಗಿನ ತುದಿ ಸುತ್ತುತ್ತ ಕುಳಿತಳು. "ಹನ್ನೊಂದ ವರ್ಷ ಹೊತ್ತು ತಿರುಗಿದೆ. ತಲಿ ನಿಲ್ಲಲಿಲ್ಲ. ಒಮ್ಮ್ಯಾರ ಅವ್ವಾ ಅನಲಿಲ್ಲ. ನಾಕನೇದು ಹಾಕಿದ್ರ ಉಳೀತಿದ್ದ ಅಂತ ಎಲ್ಲಾರೂ ಅಂದ್ರು."

ಅಷ್ಟರಲ್ಲಿ ಸಮತಾ ಫೋನ್ ಮಾಡಿದರು. ಹುಬ್ಬಳ್ಳಿಯಲ್ಲಿ ಮಿದುಳಿನ ಪರೀಕ್ಷೆ ಆಗಿತ್ತು, ಇಂಜೆಕ್ಷನ್ ಮತ್ತು ಔಷಧ ಸುರುವಾಗಿದ್ದವು. ಎಷ್ಟು ಗುಣವಾಗುತ್ತದೆ ಎಂದು ಈಗಲೇ ಹೇಳಲಾಗದು. ತಾಯಿಯ ರಕ್ತದಲ್ಲೂ ಬಿ-12 ತೀರಾ ಕಡಿಮೆ ಇತ್ತು. ಆಕೆ ಏನು ಉಣ್ಣುತ್ತಿದ್ದಳು ಕೇಳಿ ಎಂದರು.

"ಸೊಸಿಗೆ ಏನ ಉಣ್ಣಾಕ ಕೊಡತಿದ್ರಿ?"

"ಅನ್ನ, ಮೆಣಸಿನ ಸಾರು, ಬಳ್ಳೊಳ್ಳಿ. ಹಾಲು, ಮಸರು ಕೂಸಿಗೆ ಥಂಡಿ ಆಗತೈತಿ. ಬಸರಿದ್ದಾಗಿಂದ ಮುಟ್ಟಾಕ ಕೊಟ್ಟಿಲ್ಲ. ತತ್ತಿ ನಮ್ಮ ಮನ್ಯಾಗ ತಿನ್ನಂಗಿಲ್ಲ."

"ಹೊಳಬಸಪ್ಪ ಇದ್ದಾಗ ನೀವು?"

"ನಾನೂ ಹಂಗ ಉಂಡೇನ್ರಿ."

ನುಜಹತ ತಲೆ ಎತ್ತಲಿಲ್ಲ. ಬಿ-12 ಹಾಲು, ತತ್ತಿಯಂಥದರಿಂದ ಬರುವುದು, ತಾಯಿಗೆ ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ ಎಂದು ಸಮತಾ ಹೇಳಿದ್ದನ್ನು ಮೆಲ್ಲಗೆ ತಿಳಿಸಿದರು. ಶಾರವ್ವ ಸುತ್ತುತ್ತಿದ್ದ ಸೆರಗನ್ನು ಬಿಟ್ಟಳು.

"ಹಂಗಾರ ನನ್ನ ಹೊಳಬಸು," ಎಂದಳು, "ಒಂದ ಸೂಜಿಗೆ ಉಳೀತಿದ್ನೇನ್ರಿ?"

ಅದು ಯಾರಿಗೂ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವಂತೆಯೂ ಇರಲಿಲ್ಲ. ನುಜಹತ ಇಂಕಿನ ಡಬ್ಬಿ ಮುಂದಿಟ್ಟರು. ಶಾರವ್ವ ಹೆಬ್ಬೆಟ್ಟು ಒತ್ತಿದಳು. ಆ ಪ್ರಶ್ನೆಯನ್ನು ಅವರು ಹೇಳಿಕೆಯಲ್ಲಿ ಬರೆಯಲಿಲ್ಲ.