ರಾಗ್ನಾಳ ಕುಲಾವಿ

ನಮ್ಮ ಮುತ್ತಜ್ಜಿ ಗುನ್‌ಹಿಲ್ಡ್ ನಾರ್ವೆಯಿಂದ ಹಡಗಿನಲ್ಲಿ ತಂದ ಮರದ ಪೆಟ್ಟಿಗೆ ಮಿನೆಸೋಟಾದ ನಮ್ಮ ಮನೆಯ ಅಟ್ಟದಲ್ಲಿತ್ತು. ಜನವರಿಯ ಒಂದು ಮಧ್ಯಾಹ್ನ ಅದನ್ನು ತೆರೆದಾಗ ಕಬ್ಬಿಣದ ಪಟ್ಟಿಗಳ ಮೇಲೆಲ್ಲ ಹಿಮ ಕಟ್ಟಿತ್ತು. ತಳದಲ್ಲಿ ಮಗುವಿನ ಉಣ್ಣೆಯ ಕುಲಾವಿಯೊಂದು ಸಿಕ್ಕಿತು. ಮುಟ್ಟಿದರೆ ಬೆಚ್ಚಗಿತ್ತು.

ಸೋದರತ್ತೆ ಬೋರ್ಗಿಲ್ಡ್ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಅಯ್ಯೋ, ಈಗ ತಾನೇ ಕೂಸಿನ ತಲೆಯಿಂದ ತೆಗೆದ ಹಾಗಿದೆಯಲ್ಲೇ! ಹಾಲಿನ ವಾಸನೆ ಬೇರೆ."

"ಯಾರದತ್ತೆ ಇದು?"

"ನಂಗೇನು ಗೊತ್ತು? ನಮ್ಮಜ್ಜಿ ಈ ಪೆಟ್ಟಿಗೆ ಮುಟ್ಟೋಕೇ ಬಿಡ್ತಿರ್ಲಿಲ್ಲ."

ಚರ್ಚಿನ ಹಳೆಯ ದಾಖಲೆಗಳಲ್ಲಿ ಹುಡುಕಿದೆವು. ಗುನ್‌ಹಿಲ್ಡಳಿಗೆ ರಾಗ್ನಾ ಎಂಬ ಚೊಚ್ಚಲ ಮಗಳಿದ್ದಳು. ಹಡಗಿನಲ್ಲೇ ತೀರಿಕೊಂಡಿದ್ದಳು, ಕಡಲಿಗೇ ಒಪ್ಪಿಸಿದ್ದರು. ನಾನು ಆ ಹೆಸರನ್ನು ಓದಿ ಹೇಳಿದಾಗ ಅತ್ತೆಯ ಕಣ್ಣು ತುಂಬಿತು.

"ಪಾಪದ್ದು, ಹಿಡಿ ಮಣ್ಣೂ ಸಿಗ್ಲಿಲ್ಲ. ಅವರಮ್ಮನ ಪಕ್ಕಾನೇ ಮಲಗಿಸೋಣ ಕಣೇ."

ನೆಲದ ಹಿಮ ಕರಗಿದ ಮೇಲೆ ಕುಲಾವಿಯನ್ನು ಮುತ್ತಜ್ಜಿಯ ಸಮಾಧಿಯ ಪಕ್ಕದಲ್ಲಿ ಹೂತು, ಕಲ್ಲಿನ ಮೇಲೆ ರಾಗ್ನಾಳ ಹೆಸರನ್ನೂ ಕೆತ್ತಿಸಿದೆವು. ಮಣ್ಣು ಮುಚ್ಚುವಾಗ ಅತ್ತೆ ಜೋಗುಳ ಗುನುಗಿದಳು.

ಮತ್ತೆ ಚಳಿಗಾಲ ಬಂದಿದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿ ಬಂದೆ. ಸ್ಮಶಾನದ ತುಂಬ ಮೊಣಕಾಲುದ್ದ ಹಿಮ. ಆ ಕಲ್ಲಿನ ಪಕ್ಕದಲ್ಲಿ ಮಾತ್ರ, ತೊಟ್ಟಿಲಿನಷ್ಟು ಜಾಗದಲ್ಲಿ, ಹುಲ್ಲು ಹಸಿರಾಗಿದೆ.