ಕೆಂಪು ಅಂಗೈ ಮೂಡಿದ ಬಯಲು

ಹಿಂದೆ, ಬಹಳ ಹಿಂದೆ, ಮೋಡಗಳಿನ್ನೂ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ, ಧವಳಾವತಿ ಮತ್ತು ಹೊನ್ನಾವತಿ ಎಂಬ ಎರಡು ನಗರಗಳು ಅಕ್ಕಪಕ್ಕ ಇದ್ದವು. ಎಂಥ ನಗರಗಳು ಅಂತೀರಿ! ಧವಳಾವತಿಯ ಕೋಟೆ ಎಷ್ಟು ಎತ್ತರವೆಂದರೆ, ಸೂರ್ಯ ಅದನ್ನು ದಾಟುವ ಮೊದಲು ಬುರುಜಿನ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕುಡಿದೇ ಮುಂದೆ ಹೋಗುತ್ತಿದ್ದ. ಹೊನ್ನಾವತಿಯ ಬೀದಿ ಎಷ್ಟು ಅಗಲವೆಂದರೆ, ಈ ಬದಿಯಿಂದ ಹೊರಟ ಹುಡುಗ ಆ ಬದಿ ಮುಟ್ಟುವಷ್ಟರಲ್ಲಿ ಮೀಸೆ ಬಲಿತಿರುತ್ತಿತ್ತು. ಹೆಚ್ಚು ಹೇಳುತ್ತಿಲ್ಲ, ನೀವು ನಂಬಲಿ ಅಂತ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಅಲ್ಲಿನ ನೆಲವೂ ಮಾತು ಕೇಳುವ ನೆಲ. ಧವಳಾವತಿಯ ಅರಮನೆಯವರು ಸುಣ್ಣದಲ್ಲಿ ಅಂಗೈ ಅದ್ದಿ ನೆಲಕ್ಕೊತ್ತಿ "ಇಲ್ಲೊಂದು ರಸ್ತೆ" ಎಂದರೆ ರಸ್ತೆ ಏಳುತ್ತಿತ್ತು. ಹೊನ್ನಾವತಿಯ ಅರಮನೆಯವರು ಅರಿಸಿನದ ಅಂಗೈ ಒತ್ತಿ "ಇಲ್ಲೊಂದು ಛತ್ರ" ಎಂದರೆ ಛತ್ರ ಏಳುತ್ತಿತ್ತು, ಒಳಗೆ ಅನ್ನವೂ ಬೆಂದಿರುತ್ತಿತ್ತು.

ಎರಡೂ ನಗರಗಳ ನಡುವೆ ಒಂದು ಬಯಲು. ಗಡಿ ಅದರ ನಟ್ಟನಡುವೆ ಹಾಯುತ್ತಿತ್ತು. ಬಯಲಿನಲ್ಲೊಂದು ಕೆರೆ, ಎರಡೂ ಊರು ಕುಡಿಯುತ್ತಿದ್ದದ್ದು ಅದರ ನೀರನ್ನೇ. ತಮ್ಮ ಅರ್ಧದಲ್ಲಿ ಏನು ಕಟ್ಟಬೇಕೆಂದು ಪಕ್ಕದವರನ್ನು ಕೇಳುವುದೇ? ಛೇ, ಮರ್ಯಾದೆ ಏನಾಗಬೇಕು! ಹಾಗಾಗಿ ಧವಳಾವತಿಯ ರಾಜಮಾರ್ಗ ಠೀವಿಯಿಂದ ಗಡಿಯವರೆಗೆ ಬಂದು ಹೊನ್ನಾವತಿಯ ಆನೆಲಾಯದ ಗೋಡೆಗೆ ಮೂತಿ ಗುದ್ದಿತು. ಹೊನ್ನಾವತಿಯ ಕಾಲುವೆ ನೇರ ಹೋಗಿ ಧವಳಾವತಿಯ ಬೆಲ್ಲದ ಪೇಟೆಗೆ ನುಗ್ಗಿತು. ಊರೆಲ್ಲ ಪಾನಕ.

ಪಾನಕ ಕುಡಿದು ನಕ್ಕವರು ಬಹಳ ದಿನ ನಗಲಿಲ್ಲ. ಗಡಿಯುದ್ದಕ್ಕೂ ನೆಲ ಬಿರುಕು ಬಿಟ್ಟಿತು. ಅದರೊಳಗೆ ಬಿರುಕುಮಂಡೆ ಎಂಬ ಮಾಂತ್ರಿಕ ಮನೆ ಹೂಡಿದ. ಎರಡು ಊರು ಎದುರುಬದುರಾಗಿ ಏನೇ ಕಟ್ಟಲಿ, ಬಿರುಕು ಅಗಲವಾಗುತ್ತಿತ್ತು. ಕೆರೆಯ ನೀರು ಗಟಗಟನೆ ಅದರೊಳಗೆ ಇಳಿಯತೊಡಗಿತು.

ಧವಳಾವತಿಯ ರಾಜಕುಮಾರ ರಣಮಲ್ಲ ಬಿರುಕಿನ ಈ ದಂಡೆಗೆ ಬಂದ. ಹೊನ್ನಾವತಿಯ ರಾಜಕುಮಾರಿ ಬಮ್ಮಲೆ ಆ ದಂಡೆಗೆ ಬಂದಳು.

"ಬನ್ನಿ ರಾಜಕುಮಾರರೇ, ನಿಮ್ಮ ರಸ್ತೆ ನಮ್ಮ ಆನೆಗಳಿಗೆ ಬಹಳ ಹಿಡಿಸಿದೆ. ಬೆನ್ನು ತುರಿಸಿಕೊಳ್ಳುತ್ತವೆ," ಎಂದಳು ಬಮ್ಮಲೆ.

"ನಿಮ್ಮ ಕಾಲುವೆಯೂ ಕಡಿಮೆಯಿಲ್ಲ ತಾಯಿ. ನಮ್ಮ ಪೇಟೆಯವರು ಮೀನಿನ ಜೊತೆ ವ್ಯಾಪಾರ ಕಲಿತಿದ್ದಾರೆ," ಎಂದ ರಣಮಲ್ಲ.

ಬಿರುಕಿನಿಂದ ಮಾಂತ್ರಿಕ ತಲೆಯೆತ್ತಿದ. "ಜಗಳ ಆಡಿ ಮಕ್ಕಳೇ, ನನಗದು ಊಟ. ಮೂರು ಕೆಲಸ ಹೇಳುತ್ತೇನೆ. ಮಾಡಿದರೆ ಕೆರೆ ನಿಮ್ಮದು. ಸೋತರೆ ನಿಮ್ಮ ಅಂಗೈ ಗೆರೆಗಳು ನನ್ನವು. ಆಮೇಲೆ ಈ ನೆಲ ನನ್ನ ಮಾತನ್ನಷ್ಟೇ ಕೇಳುತ್ತದೆ."

ಮೊದಲ ಕೆಲಸ: ಕೆರೆದಂಡೆಯಲ್ಲಿ ಮಲಗಿದ್ದ ಒಂದು ಕೋಣವನ್ನು ಎಬ್ಬಿಸಿ ನಡೆಸುವುದು. ಅದಕ್ಕೆ ಬಾಲವಿರಲಿಲ್ಲ, ಆ ತುದಿಗೊಂದು ತಲೆ, ಈ ತುದಿಗೊಂದು ತಲೆ. ರಣಮಲ್ಲ ಒಂದನ್ನು ತನ್ನೂರ ಕಡೆ ಎಳೆದ. ಬಮ್ಮಲೆ ಇನ್ನೊಂದನ್ನು ತನ್ನೂರ ಕಡೆ ಎಳೆದಳು. ಕೋಣ ಹಪ್ಪಳದ ಹಿಟ್ಟಿನ ಹಾಗೆ ಉದ್ದವಾಯಿತೇ ಹೊರತು ಕದಲಲಿಲ್ಲ.

"ನಿನ್ನೂರೂ ಬೇಡ, ನನ್ನೂರೂ ಬೇಡ. ಕೆರೆ ಏರಿಯುದ್ದಕ್ಕೆ ಎಳೆ!" ಎಂದು ಬಮ್ಮಲೆ ಕೂಗಿದಳು.

ಇಬ್ಬರೂ ಏರಿಯ ದಾರಿ ಹಿಡಿದು ಒಂದೇ ದಿಕ್ಕಿಗೆ ಎಳೆದರು. ಕೋಣ ಎರಡೂ ಬಾಯಲ್ಲಿ ಆಕಳಿಸಿ, ಎದ್ದು, ನಾಯಿಮರಿಯಂತೆ ಹಿಂದೆ ಬಂತು.

ಎರಡನೆಯ ಕೆಲಸ: ಹೊತ್ತು ಮುಳುಗುವ ಮೊದಲು ಬಿರುಕಿಗೊಂದು ಸೇತುವೆ. ರಣಮಲ್ಲ ಸುಣ್ಣದ ಕೈ ಒತ್ತಿ, "ಅವಳದಕ್ಕಿಂತ ಎತ್ತರಕ್ಕೆ ಏಳು" ಎಂದ. ಬಮ್ಮಲೆ ಅರಿಸಿನದ ಕೈ ಒತ್ತಿ, "ಅವನದಕ್ಕಿಂತ ಎತ್ತರಕ್ಕೆ ಏಳು" ಎಂದಳು. ಎರಡು ಅರ್ಧಗಳು ಎದ್ದವು, ಎದ್ದವು, ಎದ್ದೇ ಎದ್ದವು. ಮೋಡಗಳು ಸಿಕ್ಕಿಕೊಂಡು ಬೈದವು. ಸೇತುವೆ ಮಾತ್ರ ಕೂಡಲಿಲ್ಲ.

"ಸೇತುವೆಯಂತೆ! ನಿನ್ನ ಅರ್ಧವನ್ನು ನಾನು ಕಟ್ಟಿಕೊಟ್ಟರೆ ನಿನ್ನ ವಂಶವೇ ನೋಡಲು ಬಂದೀತು," ಎಂದು ಬಮ್ಮಲೆ ಕೆಣಕಿದಳು.

"ನಿನ್ನದನ್ನು ನಾನು ಕಟ್ಟಿಕೊಟ್ಟರೆ ನಿನ್ನ ಆನೆಗಳು ಕೈ ಮುಗಿದಾವು!"

"ಹಾಗಾದರೆ ಕಟ್ಟು ನೋಡೋಣ!"

"ನೀನೂ ಕಟ್ಟು ನೋಡೋಣ!"

ಇಬ್ಬರೂ ತಮ್ಮ ಅರ್ಧವನ್ನು ಕೆಳಗಿಳಿಸಿ ಅಳಿಸಿದರು. ಕೋಣ ಬಿರುಕಿಗೆ ಅಡ್ಡಲಾಗಿ ಮೈ ಚಾಚಿ ನಿಂತಿತು. ಅದರ ಬೆನ್ನೇರಿ ದಂಡೆ ಬದಲಿಸಿದರು. ಹೊನ್ನಾವತಿಯ ನೆಲ ಸುಣ್ಣದ ಕೈ ಕಂಡು ಗೊಣಗಿತು, "ಇದು ಯಾರ ಕೈ?" ಬಮ್ಮಲೆ ಆಚೆಯಿಂದ, "ನಾನೇ ಕರೆದದ್ದು, ಕೇಳು" ಎಂದಳು. ಧವಳಾವತಿಯ ನೆಲವೂ ಗೊಣಗಿತು. ರಣಮಲ್ಲನೂ ಹಾಗೇ ಹೇಳಿದ. ಆದರೆ ಉಡುಗೊರೆ ಕೊಡುವವರು ಏನು ಬೇಕೆಂದು ಕೇಳಲೇಬೇಕಲ್ಲ?

"ನಿನಗೆಷ್ಟು ಎತ್ತರ ಬೇಕು?" ಎಂದ ರಣಮಲ್ಲ.

"ನಿನ್ನೂರ ಗಾಡಿ ಎತ್ತುಗಳು ದಣಿಯದಷ್ಟು. ನಿನಗೆ?"

"ನಿನ್ನೂರ ಆನೆ ಜಾರದಷ್ಟು."

ಎರಡು ಅರ್ಧಗಳು ಎದ್ದು, ಬಾಗಿ, ನಡುವೆ ಇರುವೆಯೂ ಎಡವದ ಹಾಗೆ ಕೂಡಿದವು.

ಮೂರನೆಯ ಕೆಲಸ: ಬಿರುಕು ಮುಚ್ಚುವುದು. ಅಷ್ಟರಲ್ಲಿ ಕೆರೆಯಲ್ಲಿ ಬೊಗಸೆ ನೀರಷ್ಟೇ ಉಳಿದಿತ್ತು. ಸುಣ್ಣದ ಕೈ ಒತ್ತಿದರೆ ಬಿರುಕು ಅಗಲವಾಯಿತು. ಅರಿಸಿನದ ಕೈ ಒತ್ತಿದರೂ ಅಗಲವಾಯಿತು. ಇಬ್ಬರೂ ಸೇತುವೆಯ ನಡುಗಲ್ಲಿಗೆ ಓಡಿದರು. ಅವಳ ಅಂಗೈ ಮೇಲೆ ಅವನ ಅಂಗೈ ಉಜ್ಜಿ, ಒಟ್ಟಿಗೆ ಕಲ್ಲಿನತ್ತ ಚಾಚಿದರು.

"ನಿಲ್ಲಿ!" ಬಿರುಕುಮಂಡೆ ಕಿರುಚಿದ. "ಯಾವ ಊರು ಮೇಲು ಅಂತ ತೀರ್ಮಾನವೇ ಆಗಲಿಲ್ಲವಲ್ಲ!"

ಇಬ್ಬರ ಬಾಯಿಗೂ ಉತ್ತರ ಬಂದಿತ್ತು. ಇಬ್ಬರೂ ನುಂಗಿದರು. ಆ ಎರಡು ಅರಮನೆಗಳಲ್ಲಿ ಅದಕ್ಕಿಂತ ಕಹಿ ಕಷಾಯವನ್ನು ಯಾರೂ ಕುಡಿದಿರಲಿಲ್ಲ.

ಕೈ ಕಲ್ಲಿಗೆ ತಾಗಿತು. ಸುಣ್ಣ ಅರಿಸಿನ ಕಲೆತರೆ ಏನಾಗುತ್ತದೆ? ಓಕುಳಿ! ಕೆಂಪು ಅಂಗೈ ಮೂಡಿತು. ನೆಲ ಅಂಥ ಕೈಯನ್ನು ಕಂಡೇ ಇರಲಿಲ್ಲ. "ಇದು ಯಾರ ಕೈ?"

"ಇಬ್ಬರದೂ," ಎಂದರು.

ಬಿರುಕು ತುಟಿ ಮುಚ್ಚಿದಂತೆ ಮುಚ್ಚಿಕೊಂಡಿತು. ನುಂಗಿದ್ದ ನೀರೆಲ್ಲ ಕೆರೆಗೆ ಉಕ್ಕಿತು. ಇರಲು ಸಂದಿಲ್ಲದ ಬಿರುಕುಮಂಡೆ ಚಪ್ಪಟೆಯಾಗಿ, ಸಣ್ಣಗಾಗಿ, ಹಲ್ಲಿಯಾಗಿ ಆನೆಲಾಯದ ಗೋಡೆ ಹತ್ತಿದ. ಆ ಗೋಡೆಯನ್ನೂ ಮರುದಿನ ಒಡೆದರು; ರಾಜಮಾರ್ಗ ಹೋಗಬೇಕಿತ್ತಲ್ಲ!

ಅಂದಿನಿಂದ ಸೇತುವೆಯ ಮೇಲೆ ಜೋಡಿ ಚಾವಡಿ ಕೂರುತ್ತದೆ. ಧವಳಾವತಿಯ ಹಿರಿಯರು ಹೊನ್ನಾವತಿಯ ಅರ್ಧದಲ್ಲಿ, ಹೊನ್ನಾವತಿಯವರು ಧವಳಾವತಿಯ ಅರ್ಧದಲ್ಲಿ. ಕೆಂಪು ಅಂಗೈ ಬೀಳದೆ ಆ ಬಯಲಿನಲ್ಲಿ ಕೋಳಿಗೂಡೂ ಏಳುವುದಿಲ್ಲ. ರಣಮಲ್ಲ, ಬಮ್ಮಲೆ ಮದುವೆಯಾದರೇ ಎಂದು ಕೇಳಬೇಡಿ. ದಿಬ್ಬಣ ಯಾವ ಕಡೆಯಿಂದ ಹೊರಡಬೇಕೆಂದು ಚಾವಡಿಯಲ್ಲಿ ಇನ್ನೂ ಮಾತು ನಡೆಯುತ್ತಿದೆ, ಇಬ್ಬರೂ ನಗುತ್ತಾ ಕೇಳುತ್ತಿದ್ದಾರೆ.

ಕೆರೆ ತುಂಬಿದೆ, ಎರಡೂ ಊರಿನವರು ಸುಖವಾಗಿದ್ದಾರೆ. ಜಂಬ ಬಿಟ್ಟಿದ್ದಾರೆ ಅಂದುಕೊಂಡಿರೋ, ಕೆಟ್ಟಿರಿ! ಈಗಲೂ ಸೇತುವೆ ಮೇಲೆ ಧವಳಾವತಿಯವನನ್ನು ನಿಲ್ಲಿಸಿ, "ಇದರಲ್ಲಿ ಯಾವ ಅರ್ಧ ಚೆಂದ?" ಎಂದು ಕೇಳಿ. ಮೀಸೆ ತಿರುವಿ ಹೊನ್ನಾವತಿಯ ಕಡೆಗೆ ಕೈ ತೋರಿಸಿ ಹೇಳುತ್ತಾನೆ: "ಅದು! ಅದನ್ನು ಕಟ್ಟಿದವರು ನಾವು!"